ಎಡಗೈ ಕಮ್ಮಾರ

ಎಲ್ಲ ಅನಾಹುತಕ್ಕೂ ಮೂಲ ಒಂದು ಉಂಡೆ ಹುಣಸೆಹಣ್ಣು. ಅದೂ ತಿಮ್ಮಪ್ಪಯ್ಯನವರ ಮನೆಯದಲ್ಲ, ಪಕ್ಕದ ಮನೆಯ ವಿಶಾಲಾಕ್ಷಮ್ಮನವರದು. ಶಿರಂಗಾಲದ ತವರಿನಿಂದ ವರ್ಷಕ್ಕಾಗುವಷ್ಟು ಹುಣಸೆಹಣ್ಣು ತರಿಸಿಕೊಳ್ಳುವ ಆಕೆ, ಆಯುಧಪೂಜೆಯ ಬೆಳಿಗ್ಗೆ ‘ಪಾಪ, ಕಾವೇರಮ್ಮನಿಗೆ ಒಬ್ಬಳಿಗೇ ಎಷ್ಟು ಕೆಲಸ’ ಎಂದು ಮರುಗಿ, ಕರೆಯದೆಯೇ ಬಂದು, ಮನೆಯಲ್ಲಿದ್ದ ಕಬ್ಬಿಣ ಹಿತ್ತಾಳೆಯನ್ನೆಲ್ಲ ಅಂಗಳದಲ್ಲಿ ಗುಡ್ಡೆ ಹಾಕಿಕೊಂಡು ಉಜ್ಜಲು ಕೂತರು. ಪರೋಪಕಾರಕ್ಕೆ ಹೊರಟವರನ್ನು ನಮ್ಮ ಮಡಿಕೇರಿಯಲ್ಲಿ ಯಾರೂ ತಡೆಯುವುದಿಲ್ಲ. ತಡೆದರೆ ಅವರು ಇನ್ನೂ ಹೆಚ್ಚು ಮಾಡುತ್ತಾರೆ.

ಆ ಹೊತ್ತಿಗೆ ತಿಮ್ಮಪ್ಪಯ್ಯ ಪೇಟೆಯಲ್ಲಿ ಬೂದುಗುಂಬಳಕಾಯಿಗೆ ಚೌಕಾಶಿ ಮಾಡುತ್ತಿದ್ದರು. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿ ನಿವೃತ್ತರಾದ ಅವರನ್ನು ಊರು ಈಗ ಕರೆಯುವುದು ‘ಚೂರಿ ಮೇಷ್ಟ್ರು’ ಎಂದು. ಅಪ್ಪ, ಅಜ್ಜ ಗಂಟೆ ಹಿಡಿದು ಪೂಜೆ ಮಾಡಿದ ವಂಶದಲ್ಲಿ ಹುಟ್ಟಿ ಇವರು ಸುತ್ತಿಗೆ ಹಿಡಿದರು. ಹಳೇ ಕಾಲದ ಮಡಚು ಚೂರಿಗಳನ್ನು ಇದ್ದದ್ದು ಇದ್ದ ಹಾಗೆ, ಕೈಯಲ್ಲೇ ಮತ್ತೆ ಮಾಡುವುದು ಅವರ ಹುಚ್ಚು. ಚೂರಿ ನೂರೈವತ್ತು ವರ್ಷದ ಹಿಂದಿನದಾದರೆ ಮಾಡುವ ರೀತಿಯೂ ಅಷ್ಟೇ ಹಿಂದಿನದಾಗಿರಬೇಕು ಎಂಬುದು ಹಟ. ಕರೆಂಟಿನ ಡ್ರಿಲ್ಲು ಮುಟ್ಟುವುದಿಲ್ಲ, ಬಿಲ್ಲು ಕಟ್ಟಿದ ಬೈರಿಗೆಯೇ ಆಗಬೇಕು. ಗ್ರೈಂಡರು ಕೂಡದು, ಅರದಲ್ಲೇ ತೀಡಬೇಕು. ಹಿತ್ತಲಿನ ಸೌದೆ ಕೊಟ್ಟಿಗೆಯಲ್ಲಿ ಹೂಡಿಕೊಂಡಿದ್ದ ಕುಲುಮೆಯ ಮುಂದೆ ಕೂತಾಗ ಅವರ ಮೈಮೇಲಿದ್ದ ಈ ಕಾಲದ ವಸ್ತು ಎಂದರೆ ಕನ್ನಡಕ ಒಂದೇ. “ಅದನ್ನೂ ತೆಗೆದೇ ಮಾಡ್ತಿದ್ದೆ, ಆದ್ರೆ ಬೆರಳುಗಳು ಒಪ್ಪಲಿಲ್ಲ,” ಎಂದು ಅವರೇ ಹೇಳಿಕೊಂಡು ನಗುತ್ತಿದ್ದರು. ಇಷ್ಟು ವರ್ಷದಲ್ಲಿ ಅವರ ಚೂರಿಗಳು ಕತ್ತರಿಸಿದ್ದು ಮುಖ್ಯವಾಗಿ ಅವರನ್ನೇ.

ಹಿಡಿಗೆ ಕೋಣದ ಕೊಂಬು ಬೇಕು. ಕೊಂಬಿಗೆ ಅರ ಹಾಕಿದರೆ ಸುಟ್ಟ ಕೂದಲಿನ ವಾಸನೆ ಕೇರಿಯನ್ನೆಲ್ಲ ಸುತ್ತುತ್ತದೆ. ಹಾಗಾಗಿ ಕೊಟ್ಟಿಗೆಯಿಂದ ಬಂದವರು ಹಿತ್ತಲಲ್ಲಿ ತಣ್ಣೀರು ಸುರಿದುಕೊಳ್ಳದೆ ಒಳಗೆ ಕಾಲಿಡುವಂತಿಲ್ಲ ಎಂಬುದು ಹೆಂಡತಿ ಕಾವೇರಮ್ಮನ ಕಾನೂನು. ಹೊಸ ಅಲಗಿಗೆ ಹಳೇ ಬಣ್ಣ ಬರಿಸಲು, ಕೊಡಗಿನವರು ಹಂದಿಮಾಂಸದ ಪಂದಿಕರಿಗೆ ಹಾಕುವ ಕಪ್ಪು ಹುಳಿ, ಕಾಚಂಪುಳಿ ಬಳಿಯಬೇಕು. ಅದನ್ನು ಕೊಳ್ಳಲು ಹೋದಾಗ ಅಂಗಡಿಯವನು ಆಚೀಚೆ ನೋಡಿ, ದನಿ ತಗ್ಗಿಸಿ, “ಎಷ್ಟು ಕೇಜಿ ಪಂದಿ ಮೇಷ್ಟ್ರೇ?” ಎಂದಿದ್ದ. “ಪಂದಿ ಅಲ್ಲ ಮಾರಾಯ, ಚೂರಿಗೆ,” ಎಂದರೆ, “ಗೊತ್ತಾಯ್ತು ಗೊತ್ತಾಯ್ತು. ನಾನು ಯಾರಿಗೂ ಹೇಳಲ್ಲ,” ಎಂದು ಅಭಯ ಕೊಟ್ಟು, ಎಲ್ಲರಿಗೂ ಹೇಳಿದ್ದ.

ಇಂಥ ಮನುಷ್ಯನಿಗೂ ಒಂದು ಕಾಲ ಬಂತು. ಕಕ್ಕಬೆಯಲ್ಲಿ ಕಾಫಿ ತೋಟವೂ ಹೋಂಸ್ಟೇಯೂ ಇರುವ ಸೋಮಿಯವರು ಮಳೆಗಾಲಕ್ಕೆ ಮುಂಚೆ ಮನೆಗೇ ಬಂದು, ಕೆಂಪು ಬಟ್ಟೆ ಬಿಚ್ಚಿ, ಕಪ್ಪುಗಟ್ಟಿದ ಒಂದು ಮಡಚು ಚೂರಿಯನ್ನು ಮುಂದಿಟ್ಟರು. ತೀರಿಹೋದ ಅಪ್ಪನ ಪೆಟ್ಟಿಗೆಯಲ್ಲಿ ಸಿಕ್ಕಿದ್ದು. ‘ಇದು ನಮ್ಮ ಮನೆಯ ಹಳೇದು’ ಎನ್ನುತ್ತಿದ್ದರಂತೆ ಅಪ್ಪ. ಬಿಳಿ ದೊರೆಗಳು ತೋಟ ಹಾಕಲು ಬಂದ ಕಾಲದಲ್ಲಿ, ಒಬ್ಬ ದೊರೆಯನ್ನು ಕಾಡುಹಂದಿಯಿಂದ ಕಾಪಾಡಿದ್ದಕ್ಕೆ ಸೋಮಿಯವರ ಮುತ್ತಜ್ಜನಿಗೆ ಬಂದ ಇನಾಮು. ಹೋಂಸ್ಟೇಗೆ ಎರಡನೇ ಮಹಡಿ ಬಂದ ಮೇಲೆ ಆ ಕಾಡುಹಂದಿ ಹುಲಿಯಾಗಿತ್ತು.

“ಗೆಸ್ಟುಗಳು ಮುಟ್ಟಿ ಮುಟ್ಟಿ ಹಾಳು ಮಾಡ್ತಾರೆ ಮೇಷ್ಟ್ರೇ. ಇದರ ನಕಲು ಒಂದು ಮಾಡಿ ಕೊಡಿ. ಅಸಲು ಒಳಗೆ ಬೀರುವಿನಲ್ಲಿ ಇರ್ತದೆ, ನಕಲು ಹೊರಗೆ ಗಾಜಿನ ಪೆಟ್ಟಿಗೆಯಲ್ಲಿ. ಅದರ ಕೆಳಗೆ ಹಿತ್ತಾಳೆ ತಗಡಿನಲ್ಲಿ ನಿಮ್ಮ ಹೆಸರು ಹಾಕಿಸ್ತೇನೆ. ಒಂದೇ ಮಾತು, ಇದನ್ನು ಕಳಚಿ ಬಿಡಿಬಿಡಿ ಮಾಡಬಾರದು.”

ಹಿತ್ತಾಳೆಯಲ್ಲಿ ಹೆಸರು! ತಿಮ್ಮಪ್ಪಯ್ಯನವರ ಕಣ್ಣು ಮಂಜಾಯಿತು. ಊರೆಲ್ಲ ನಕ್ಕಿದ್ದನ್ನು ತಾವೂ ನಕ್ಕು ನುಂಗಿಕೊಂಡವರು ಅವರು. ಒಂದೇ ಒಂದು ಕಡೆ, ಗಾಜಿನ ಹಿಂದೆ, ನಗದೆ ಯಾರಾದರೂ ತಮ್ಮ ಹೆಸರು ಓದಬೇಕು ಎಂಬ ಆಸೆ ಇತ್ತು. ಅದನ್ನು ಹೆಂಡತಿಗೂ ಹೇಳಿರಲಿಲ್ಲ.

ಚೂರಿಯನ್ನು ಅಂಗೈಯಲ್ಲಿಟ್ಟುಕೊಂಡ ಕೂಡಲೇ ಅದು ಹಾಗೇ ಕೂತಿತು. “ನೋಡೇ, ಹೇಗೆ ಹೊಂದಿಕೊಳ್ತದೆ! ಏನೋ ಪೂರ್ವಜನ್ಮದ ನಂಟು ಇರ್ಬೇಕು,” ಎಂದು ಹೆಂಡತಿಗೆ ತೋರಿಸಿದರು. ಭೂತಗನ್ನಡಿ ಹಿಡಿದು ನೋಡಿದಾಗ ಇನ್ನೊಂದು ವಿಷಯ ಕಂಡಿತು. ಅಲಗನ್ನೂ ಹಿಡಿಯನ್ನೂ ಸೇರಿಸುವ ರಿವಿಟ್ ಮೊಳೆ ನಡುವೆ ಇರದೆ ಒಂದು ಬದಿಗೆ ವಾಲಿತ್ತು, ಅದರ ತಲೆ ಓರೆಯಾಗಿ ಚಪ್ಪಟೆಯಾಗಿತ್ತು. ಮೂರು ದಿನ ಊಟ ರುಚಿಸದಂತೆ ಯೋಚಿಸಿ ತಿಮ್ಮಪ್ಪಯ್ಯ ತೀರ್ಪು ಕೊಟ್ಟರು: ಇದನ್ನು ಮಾಡಿದವನು ಎಡಗೈ ಕಮ್ಮಾರ! ಬಲಗೈಯವನ ಏಟು ಹೀಗೆ ಬೀಳುವುದೇ ಇಲ್ಲ. ಅಂದಿನಿಂದ ಹಾಲು ತರುವವನಿಂದ ಹಿಡಿದು ಬ್ಯಾಂಕಿನ ಸರದಿಯಲ್ಲಿ ನಿಂತವರವರೆಗೆ ಎಲ್ಲರಿಗೂ ಎಡಗೈ ಕಮ್ಮಾರನ ಉಪನ್ಯಾಸವಾಯಿತು. ಸೋಮಿಯವರಿಗೆ ಫೋನಿನಲ್ಲಿ ಎರಡೆರಡು ಸಲ ಆಯಿತು.

ನಕಲು ನಿಜವಾಗಬೇಕಾದರೆ ಏಟೂ ಎಡಗೈಯದೇ ಆಗಬೇಕಲ್ಲ? ಬಲಗೈಯವರಾದ ತಿಮ್ಮಪ್ಪಯ್ಯ ಮಳೆಗಾಲವಿಡೀ ಎಡಗೈಯಲ್ಲಿ ಸುತ್ತಿಗೆ ಹಿಡಿದು ಅಭ್ಯಾಸ ಮಾಡಿದರು. ರಿವಿಟ್ ಓರೆಯಾಗಿ ಕೂರಲು ಕಲಿಯುವಷ್ಟರಲ್ಲಿ ಬಲಗೈಯ ಹೆಬ್ಬೆರಳು ನೇರಳೆಹಣ್ಣಾಗಿತ್ತು. ಈಗಲೂ ಅದಕ್ಕೆ ಬಟ್ಟೆ ಸುತ್ತಿಕೊಂಡೇ ಇದ್ದರು. ಹಳೇ ಚೂರಿಯ ಹೊಟ್ಟೆಯೊಳಗೆ ಗಡ್ಡೆ ಕಟ್ಟಿದ್ದ ಕೊಳೆಯನ್ನು ಕೂಡ ಅವರು ಬಿಡಲಿಲ್ಲ. ಮಸಿ, ಹೊಗೆಸೊಪ್ಪಿನ ಪುಡಿ, ಹಲಸಿನ ಮೇಣ ಕಲಸಿ ಅಷ್ಟೇ ಕೊಳೆಯನ್ನು ನಕಲಿಗೂ ತುಂಬಿದರು. ಮುಗಿದ ದಿನ ಅಸಲನ್ನು ಕೆಂಪು ಬಟ್ಟೆಯಲ್ಲೂ ನಕಲನ್ನು ಬಿಳಿ ಬಟ್ಟೆಯಲ್ಲೂ ಸುತ್ತಿಟ್ಟು, “ಬಟ್ಟೆ ತೆಗೆದ್ರೆ ನನಗೇ ಗೊತ್ತಾಗ್ಲಿಕ್ಕಿಲ್ಲ!” ಎಂದು ಹೆಮ್ಮೆಯಿಂದ ಬೀಗಿದರು.

ದೇವರು ಅಪರೂಪಕ್ಕೆ ಮನುಷ್ಯನ ಮಾತನ್ನು ಪೂರ್ತಿ ಕೇಳಿಸಿಕೊಳ್ಳುತ್ತಾನೆ.

ಕುಂಬಳಕಾಯಿ ಹೊತ್ತು ಅವರು ಅಂಗಳಕ್ಕೆ ಬಂದಾಗ ಬಾಳೆಲೆಯ ಮೇಲೆ ಈಳಿಗೆಮಣೆ, ತುರಿಮಣೆ, ಕತ್ತಿ, ಸುತ್ತಿಗೆ, ಮಿಕ್ಸಿಯ ಜಾರು ಎಲ್ಲ ಸಾಲಾಗಿ ಕೂತಿದ್ದವು. ಕೊನೆಯಲ್ಲಿ ಎರಡು ಮಡಚು ಚೂರಿಗಳು ಹೊಸ ಸ್ಟೀಲ್ ಲೋಟದ ಹಾಗೆ ಮಿಂಚುತ್ತಿದ್ದವು. ಎರಡಕ್ಕೂ ವಿಭೂತಿ, ಕುಂಕುಮ, ಮೇಲೊಂದು ಚೆಂಡುಹೂವು.

“ಬನ್ನಿ ಮೇಷ್ಟ್ರೆ, ನೋಡ್ಬನ್ನಿ!” ವಿಶಾಲಾಕ್ಷಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡರು. “ಹೆಂಗೆ ಫಳಫಳ ಅನ್ನುಸ್ಬುಟ್ಟಿವ್ನಿ! ಅಲ್ಲಾ, ಏನ್ ಕೊಳೆ ಕಣ್ರೀ ಈ ಚೂರಿಗಳೊಳ್ಗೆ? ತಲೆಗೆ ಹಾಕೋ ಪಿನ್ನು ತಗಂಡು ಕೆದಕಿ ಕೆದಕಿ ತೆಗ್ದೆ. ಹುಣಸೆಹಣ್ಣಿಗೂ ಬಗ್ಗದೆ ಬೂದಿ ಹಾಕ್ದೆ, ಇಟ್ಟಿಗೆ ಪುಡಿ ಹಾಕ್ದೆ...”

“ಆಮೇಲೆ ನಾನೊಂಚೂರು ಉಪ್ಪುಕಾಗದ ಕೊಟ್ಟೆ,” ಎಂದರು ಅವರ ಯಜಮಾನರು ಸಣ್ಣಸ್ವಾಮಿ. ಬಸ್ಸಿನಲ್ಲಿ ಕಂಡಕ್ಟರಾಗಿದ್ದು ನಿವೃತ್ತರಾದ ಮೇಲೆ ಹೆಂಡತಿಯ ಪರೋಪಕಾರಕ್ಕೆ ಜೊತೆ ಹೋಗುವುದು ಬಿಟ್ಟು ಅವರಿಗೆ ಬೇರೆ ಡ್ಯೂಟಿ ಇರಲಿಲ್ಲ. “ತುಕ್ಕು ಮೇಷ್ಟ್ರೆ, ಬರೀ ತುಕ್ಕು.”

“ಬಟ್ಟೆ... ಕೆಂಪು ಬಟ್ಟೆ, ಬಿಳಿ ಬಟ್ಟೆ ಎಲ್ಲಿ?”

ವಿಶಾಲಾಕ್ಷಮ್ಮ ಕೈಲಿದ್ದದ್ದನ್ನು ಎತ್ತಿ ತೋರಿಸಿದರು. ಎರಡೂ ಒಂದೇ ಬಣ್ಣಕ್ಕೆ ಬಂದಿದ್ದವು. “ಒರ್ಸಕ್ಕೆ ತಗಂಡೆ.”

“ಕೆಂಪು ಬಟ್ಟೇಲಿ ಇದ್ದದ್ದು ಯಾವ ಚೂರಿ?”

“ಅಯ್ಯೋ ಬುಡಿ ಮೇಷ್ಟ್ರೆ, ಎರಡೂ ಅವಳಿ ಮಕ್ಕಳಂಗವೆ. ಯಾವ್ದು ಯಾವ್ದ್ರಲ್ಲಿತ್ತು ಅಂತ ಯಾರ್ ನೋಡಕೋಯ್ತಾರೆ?”

ತಿಮ್ಮಪ್ಪಯ್ಯ ಕುಂಬಳಕಾಯಿಯನ್ನು ತಬ್ಬಿಕೊಂಡೇ ಜಗಲಿಯ ಮೇಲೆ ಕುಸಿದರು. ನಾಲ್ಕು ತಿಂಗಳ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗಿತ್ತು, ಅದೂ ನಿಜವಾದ ಹುಣಸೆಹಣ್ಣಿನಲ್ಲಿ. ಅಷ್ಟರಲ್ಲಿ ಜೇಬಿನಲ್ಲಿ ಫೋನು ಕುಣಿಯಿತು.

“ಮೇಷ್ಟ್ರೇ, ನಾನು ಸೋಮಿ. ದಸರಾ ನೋಡ್ಲಿಕ್ಕೆ ಗೆಸ್ಟುಗಳನ್ನು ಕರ್ಕೊಂಡು ಮಡಿಕೇರಿಗೆ ಬರ್ತಾ ಇದ್ದೇನೆ. ಊಟ ಆದ ಮೇಲೆ ನಿಮ್ಮಲ್ಲಿಗೆ. ತಗಡೂ ತಯಾರಾಗಿದೆ, ತಂದಿದ್ದೇನೆ. ಹೆಸರು ಎಷ್ಟು ಚಂದ ಬಂದಿದೆ ಗೊತ್ತಾ!”

“ಬನ್ನಿ, ಬನ್ನಿ,” ಎಂದರು ತಿಮ್ಮಪ್ಪಯ್ಯ. ಆ ದನಿ ತಮ್ಮದೇ ಎಂದು ಅವರಿಗೂ ನಂಬಿಕೆ ಬರಲಿಲ್ಲ.

ಒಳಗಿನಿಂದ ಬಂದ ಕಾವೇರಮ್ಮನಿಗೆ ಗಂಡನ ಮುಖ ನೋಡಿಯೇ ಅರ್ಥವಾಯಿತು. “ಅದಕ್ಕೆ ಯಾಕೆ ಇಷ್ಟು ಒದ್ದಾಡ್ತೀರಿ? ಕಪ್ಪು ಹೋದ್ರೆ ಮತ್ತೆ ಆ ಹಾಳು ಕಾಚಂಪುಳಿ ಬಳಿದ್ರಾಯ್ತು.”

“ಕಪ್ಪು ಹೋದ್ರೆ ಹೋಗ್ಲಿ ಮಾರಾಯ್ತಿ! ಇದರಲ್ಲಿ ಅವರ ಮುತ್ತಜ್ಜನದ್ದು ಯಾವುದು, ನಂದು ಯಾವುದು? ನಂದನ್ನು ಮುತ್ತಜ್ಜನದ್ದು ಅಂತ ಕೊಟ್ರೆ ಅದು ಮೋಸ. ಮುತ್ತಜ್ಜನದ್ದನ್ನು ನಂದು ಅಂತ ಕೊಟ್ರೆ ಗೆಸ್ಟುಗಳು ಅದನ್ನೇ ಮುಟ್ಟಿ ಮುಟ್ಟಿ ಸಾಯಿಸ್ತಾರೆ. ಪಾಪ, ನಂಬಿ ಕೊಟ್ಟ ಮನುಷ್ಯ.”

“ನಿಮಗೇ ಗೊತ್ತಾಗ್ಲಿಕ್ಕಿಲ್ಲ ಅಂತ ನೀವೇ ಹೇಳಿದ್ರಲ್ಲ,” ಎಂದರು ಕಾವೇರಮ್ಮ.

“ಅದು ಹೆಮ್ಮೆಗೆ ಹೇಳಿದ್ದು!”

ಊಟದ ಹೊತ್ತಿನವರೆಗೆ ಜಗಲಿಯಲ್ಲಿ ನಡೆದದ್ದು ನ್ಯಾಯಾಲಯದಲ್ಲೂ ನಡೆಯದಂಥ ವಿಚಾರಣೆ. ಮೊದಲು ತೂಕ. ಒಬ್ಬಟ್ಟಿಗೆ ಬೆಲ್ಲ ತೂಗುತ್ತಿದ್ದ ಕಾವೇರಮ್ಮನ ತಕ್ಕಡಿ ಬಂತು. ಎರಡೂ ಕೂದಲೆಳೆ ವ್ಯತ್ಯಾಸವಿಲ್ಲದೆ ಒಂದೇ ತೂಗಿದವು. ತೂಗದೆ ಏನು, ಹಾಗೆ ತೂಗಲೆಂದೇ ತಿಮ್ಮಪ್ಪಯ್ಯ ಆಷಾಢವೆಲ್ಲ ಕೊಂಬು ತೀಡಿದ್ದರು.

ಆಮೇಲೆ ಶಬ್ದ. ಹಳೇ ಚೂರಿ ಮುಚ್ಚುವಾಗ ‘ಟಕ್’ ಎನ್ನುವುದರಲ್ಲಿ ಒಂದು ಗಾಂಭೀರ್ಯ ಇತ್ತೆಂದು ಅವರು ಕಿವಿಗೊಟ್ಟು ಕೂತರು. ಸಣ್ಣಸ್ವಾಮಿ ಒಂದೊಂದಾಗಿ ಮುಚ್ಚಿದರು.

“ಇದೂ ಟಕ್ ಅಂತು, ಅದೂ ಟಕ್ ಅಂತು,” ಎಂದು ವಿಶಾಲಾಕ್ಷಮ್ಮ ವರದಿ ಕೊಟ್ಟರು. “ಗಾಂಭೀರ್ಯ ಎರಡ್ರಲ್ಲೂ ಇಲ್ಲ.”

ಹರಿತ ನೋಡೋಣವೆಂದು ಸಣ್ಣಸ್ವಾಮಿ ತಮ್ಮ ಸ್ಕೂಟರಿನ ಚಕ್ರಕ್ಕಿಡಲು ತಂದ ನಿಂಬೆಹಣ್ಣುಗಳನ್ನೇ ತ್ಯಾಗ ಮಾಡಿದರು. ಉಪ್ಪುಕಾಗದದ ದಯೆಯಿಂದ ಎರಡೂ ಚೂರಿಗಳು ನಿಂಬೆಯನ್ನೂ, ಕೆಳಗಿದ್ದ ಮಣೆಯನ್ನೂ, ಮಣೆ ಹಿಡಿದಿದ್ದ ತಿಮ್ಮಪ್ಪಯ್ಯನವರ ಎಡಗೈ ಹೆಬ್ಬೆರಳನ್ನೂ ಸಮಾನವಾಗಿ ಕತ್ತರಿಸಿದವು. ಈಗ ಎರಡೂ ಹೆಬ್ಬೆರಳಿಗೆ ಬಟ್ಟೆ ಬಂತು.

“ನೀವು ಕಣ್ಣು ಮುಚ್ಚಿ ಹಿಡ್ದು ನೋಡಿ ಮೇಷ್ಟ್ರೆ. ಪೂರ್ವಜನ್ಮದ ನಂಟು ಅಂತಿದ್ರಲ್ಲ,” ಎಂದರು ಸಣ್ಣಸ್ವಾಮಿ.

ತಿಮ್ಮಪ್ಪಯ್ಯ ಕಣ್ಣು ಮುಚ್ಚಿ ಒಂದನ್ನು ಹಿಡಿದರು, ಬಿಟ್ಟರು. ಇನ್ನೊಂದನ್ನು ಹಿಡಿದರು. ಮುಖ ಸಪ್ಪಗಾಯಿತು. “ಎರಡಕ್ಕೂ ನಂಟು ಉಂಟು.”

ಕೊನೆಗೆ ಉಳಿದದ್ದು ದೇವರೇ. ಚೂರಿಗಳ ಮೇಲೆ ಒಂದೊಂದು ಹೂ ಇಟ್ಟು, ಯಾವುದರ ಹೂ ಮೊದಲು ಬೀಳುತ್ತದೋ ಅದೇ ಅಸಲು ಎಂದು ಬೇಡಿಕೊಳ್ಳುವುದೆಂದಾಯಿತು. ಅರ್ಚಕರ ವಂಶದವರೆಂದು ತಿಮ್ಮಪ್ಪಯ್ಯನವರೇ ಕೈ ಮುಗಿದು ನಿಂತರು. ಬಲುಹೊತ್ತು ಎರಡೂ ಹೂಗಳು ಅಲುಗಲಿಲ್ಲ. ಇಟ್ಟಿಗೆ ಪುಡಿಯ ಘಾಟಿಗೆ ವಿಶಾಲಾಕ್ಷಮ್ಮ ಒಂದು ಸಲ ಸೀನಿದರು. ಎರಡೂ ಹೂ ಒಟ್ಟಿಗೇ ಹಾರಿಹೋದವು.

“ದೇವ್ರಿಗೂ ಗೊತ್ತಿಲ್ಲ ಅಂದ್ಮೇಲೆ ಸೋಮಿಗೆ ಹೆಂಗ್ ಗೊತ್ತಾಯ್ತದೆ?” ಎಂದರು ಸಣ್ಣಸ್ವಾಮಿ. “ಒಂದನ್ನ ತೋರ್ಸಿ ಇದೇ ಅಂದ್ಬುಡಿ, ಮುಗೀತು. ಮೂವತ್ತು ವರ್ಷ ಚಿಲ್ರೆ ಇಲ್ಲ ಅಂತ ಹೇಳಿವ್ನಿ, ಒಬ್ರಾದ್ರೂ ಜೇಬು ತಡಕಿದ್ರಾ?”

“ನನಗೆ ಸುಳ್ಳು ಹೇಳ್ಲಿಕ್ಕೆ ಬರುದಿಲ್ಲ ಸಣ್ಣಸ್ವಾಮಿಯವರೇ. ಬಂದಿದ್ರೆ ಇಷ್ಟು ಹೊತ್ತಿಗೆ ನಾನು ದೊಡ್ಡ ಕಲಾವಿದ ಆಗ್ತಿದ್ದೆ.”

ಇಷ್ಟು ಹೊತ್ತು ಒಬ್ಬಟ್ಟಿನ ಕಡೆಗೊಂದು ಕಣ್ಣು, ಜಗಲಿಯ ಕಡೆಗೊಂದು ಕಣ್ಣು ಇಟ್ಟಿದ್ದ ಕಾವೇರಮ್ಮ ಬೇಸತ್ತು, ಗಂಡನ ಭೂತಗನ್ನಡಿ ತೆಗೆದುಕೊಂಡು, ಒಂದು ಚೂರಿಯನ್ನು ಬಿಚ್ಚಿ ಬೆಳಕಿಗೆ ಹಿಡಿದರು.

“ಇದ್ರ ಹೊಟ್ಟೆಯೊಳಗೆ ಸ್ಪ್ರಿಂಗಿನ ಮೇಲೆ ಎಂತದೋ ಗೀಟು ಉಂಟಲ್ಲ?”

ತಿಮ್ಮಪ್ಪಯ್ಯ ಎದ್ದು ನಿಂತರು. ನಕಲಿನ ಸ್ಪ್ರಿಂಗನ್ನು ಅವರು ಸವೆದ ಅರವೊಂದನ್ನು ಕಾಯಿಸಿ, ಬಡಿದು ಮಾಡಿದ್ದರು. ಅದರ ಮೇಲೆ ಗೀಟಿಲ್ಲ. ಗೀಟು ಇದೆಯೆಂದರೆ ಅದೇ ಅಸಲು! ಕೊಳೆಯ ಕೆಳಗೆ ಇಷ್ಟು ದಿನ ಅಡಗಿದ್ದ ಗುರುತು!

“ಸಿಕ್ತು! ಕಮ್ಮಾರನ ಮುದ್ರೆ ಅದು! ಆ ಎಡಗೈಯ ಪುಣ್ಯಾತ್ಮ ಒಳಗೆ ತನ್ನ ಗುರುತು ಕೆತ್ತಿಟ್ಟಿದ್ದಾನೆ ಕಾವೇರಿ! ಏನು ಬರ್ದಿದ್ದಾನೆ, ಸರಿಯಾಗಿ ನೋಡು.”

“ಏಳು ಅಂತ ಉಂಟು. ಆಚೆ ಎಂಟು.”

“ಏಳನೇ ತಲೆಮಾರು, ಎಂಟನೇ ತಲೆಮಾರು! ವಂಶಪಾರಂಪರ್ಯದ ಕಸುಬು, ನೋಡಿದ್ರಾ!”

“ಏಳಕ್ಕೂ ಎಂಟಕ್ಕೂ ನಡುವೆ ಸಣ್ಣ ಸಣ್ಣ ಗೀಟು. ಎಣಿಸಿದ್ರೆ ಸರಿಯಾಗಿ ಹತ್ತು ಮನೆ.” ಕಾವೇರಮ್ಮ ಭೂತಗನ್ನಡಿ ಇಳಿಸಿದರು. “ಅಲ್ಲಾ, ಇದು ಸ್ಕೇಲಲ್ವಾ?”

ತಿಮ್ಮಪ್ಪಯ್ಯ ಚೂರಿ ಇಸಿದುಕೊಂಡು ನೋಡಿದರು. ಸೆಂಟಿಮೀಟರು. ಬಿಳಿ ದೊರೆಗಳ ಕಾಲದ ಚೂರಿಯ ಹೊಟ್ಟೆಯಲ್ಲಿ, ಮಕ್ಕಳು ಕಂಪಾಸು ಪೆಟ್ಟಿಗೆಯ ಜೊತೆ ಒಯ್ಯುವಂಥ ಸ್ಟೀಲ್ ಸ್ಕೇಲಿನ ತುಂಡು. ಏಳರ ಪಕ್ಕದಲ್ಲಿ ಒಂದು ಹಸಿರು ಬಣ್ಣದ ಚುಕ್ಕೆ ಕೂಡ ಇತ್ತು. ಆ ಬಣ್ಣ ಅವರಿಗೆ ಗೊತ್ತಿತ್ತು. ಡ್ರಾಯಿಂಗ್ ಕ್ಲಾಸಿನಲ್ಲಿ ತಮ್ಮ ಸ್ಕೇಲು ಬೇರೆಯವರದರ ಜೊತೆ ಬೆರೆಯದಿರಲಿ ಎಂದು ಅವರೇ ಹಚ್ಚಿದ್ದ ಬಣ್ಣ.

“ನಿಮ್ಮ ಸ್ಟೀಲ್ ಸ್ಕೇಲು ಕಾಣೆಯಾಯ್ತು ಅಂತ ಒಂದು ದಿನ ಇಡೀ ನನ್ನ ಮೇಲೆ ಕೂಗಾಡಿದ್ರಲ್ಲ,” ಎಂದರು ಕಾವೇರಮ್ಮ ಮೆಲ್ಲಗೆ.

ನೆನಪು ಒಂದೊಂದಾಗಿ ಬಂತು. ಈ ಹುಚ್ಚು ಹತ್ತಿದ ಹೊಸದರಲ್ಲಿ ಮಾಡಿದ ಮೊಟ್ಟಮೊದಲ ಚೂರಿ. ಸ್ಪ್ರಿಂಗಿಗೆ ಏನು ಹಾಕಬೇಕೆಂದು ತಿಳಿಯದೆ ಸ್ಕೇಲು ತುಂಡರಿಸಿದ್ದು, ಹಾಗೆ ಮಾಡಿದ್ದನ್ನು ಮರೆತು ಹೆಂಡತಿಯ ಮೇಲೆ ರೇಗಿದ್ದು. ರಿವಿಟ್ ಹೊಡೆಯುವಾಗ ಕೈ ತಪ್ಪಿ ಮೊಳೆ ಓರೆಯಾಗಿದ್ದು. ನಾಚಿಕೆಯಾಗಿ ಅದನ್ನು ಮನೆಯಲ್ಲಿಟ್ಟುಕೊಳ್ಳದೆ ವಾರದೊಳಗೆ ಕೊಟ್ಟುಬಿಟ್ಟಿದ್ದು.

“ಸಣ್ಣಸ್ವಾಮಿಯವರೇ, ನನ್ನ ಮೊದಲನೇ ಚೂರಿ ನಿಮಗಲ್ವಾ ಕೊಟ್ಟದ್ದು?”

ಸಣ್ಣಸ್ವಾಮಿ ಹೆಂಡತಿಯ ಕಡೆ ಒಮ್ಮೆ ನೋಡಿ ಗಂಟಲು ಸರಿಮಾಡಿಕೊಂಡರು. “ಕೊಟ್ರಿ. ಕೈಯಿಂದ ಕೈಗೆ ಕೊಟ್ಬುಟ್ರಿ. ಹಂಗೆ ಚೂರಿ ತಗಂಡ್ರೆ ಜಗಳ ಬತ್ತದೆ, ಮನೇಲಿ ಇಡಕೂಡ್ದು ಅಂತ ಇವ್ಳು ಒಂದೇ ಹಟ. ಆಗ ನಾನು ಕಕ್ಕಬೆ ರೂಟಲ್ಲಿದ್ದೆ. ದಿನಾ ಒಬ್ರು ಮೀಸೆ ತಾತ ಬರೋರು. ಸೀಟಲ್ಲಿ ಕೂತು ಕಿತ್ತಳೆ ಸುಲಿಯಕ್ಕೆ ಒದ್ದಾಡೋರು. ಅವ್ರ ಪಕ್ಕ ಸೀಟಿನ ಮೇಲೆ ಇಟ್ಟೆ, ಅವ್ರು ಎತ್ಕಂಡ್ರು. ಕೈಗೆ ಕೊಡ್ಲಿಲ್ಲ ಮತ್ತೆ.”

“ಹೊಳೆಗ್ ಹಾಕ್ದೆ ಅಂದಿದ್ರಲ್ರೀ ನನ್ ತಾವ!” ವಿಶಾಲಾಕ್ಷಮ್ಮನ ದನಿ ಏರಿತು.

ತಿಮ್ಮಪ್ಪಯ್ಯನವರಿಗೆ ನಗು ಬಂತು. ತಡೆಯಲಾರದೆ ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ಎಡಗೈ ಕಮ್ಮಾರ! ಎಡಗೈಯವನೂ ಅಲ್ಲ, ಕಮ್ಮಾರನೂ ಅಲ್ಲ. ಶುದ್ಧ ಕೈಲಾಗದ ಡ್ರಾಯಿಂಗ್ ಮೇಷ್ಟ್ರು! ನನ್ನ ತಪ್ಪನ್ನೇ ನಾನು ನಾಲ್ಕು ತಿಂಗಳು ಅಭ್ಯಾಸ ಮಾಡಿದೆನಲ್ಲೇ! ಬೆರಳು ಜಜ್ಜಿಕೊಂಡು!”

ನಕ್ಕು ಮುಗಿದ ಮೇಲೆ ಕಣ್ಣೊರೆಸಿಕೊಂಡು ಲೆಕ್ಕ ಹಾಕಿದರು. ಸತ್ಯ ಹೇಳಿದರೆ ಸೋಮಿಯವರ ಮುತ್ತಜ್ಜನ ಇನಾಮು ಹೋಗುತ್ತದೆ, ಹುಲಿ ಹೋಗುತ್ತದೆ, ಸತ್ತುಹೋದ ಅಪ್ಪನ ಮಾತು ಹೋಗುತ್ತದೆ, ಜೊತೆಗೆ ಹಿತ್ತಾಳೆ ತಗಡೂ ಹೋಗುತ್ತದೆ.

“ಹೇಳ್ಬೇಡಿ,” ಎಂದರು ಕಾವೇರಮ್ಮ. “ಅವರು ಕೊಟ್ಟದ್ದು ಇದೇ ಅಲ್ವಾ? ಅವರದನ್ನು ಅವರಿಗೆ ಕೊಡಿ. ನಿಮ್ಮ ಹೊಸದಕ್ಕೆ ನಿಮ್ಮ ಹೆಸರು ಹಾಕ್ತಾರೆ. ಇದ್ರಲ್ಲಿ ಸುಳ್ಳೆಲ್ಲಿ ಬಂತು?”

ಮದುವೆಯಾದಂದಿನಿಂದ ಕಾವೇರಮ್ಮ ಹೇಳಿದ ಯಾವ ಮಾತೂ ತಿಮ್ಮಪ್ಪಯ್ಯನವರಿಗೆ ಇಷ್ಟು ಹಿತವಾಗಿರಲಿಲ್ಲ. ನಿಜವೇ. ಸ್ಕೇಲಿನದು ಸೋಮಿಯವರಿಗೆ, ಬೀರುವಿಗೆ. ಹೊಸದು ಗಾಜಿನ ಪೆಟ್ಟಿಗೆಗೆ. ಹೊಸದನ್ನು ಕೈಗೆತ್ತಿಕೊಂಡು ನೋಡಿದರು. ಹೊಳಪಿನಲ್ಲಿ ಈಗ ಅದರ ಪ್ರತಿ ಗೆರೆಯೂ ಕಾಣುತ್ತಿತ್ತು. ಇಷ್ಟು ಒಳ್ಳೆಯ ಕೆಲಸ ತಾವು ಹಿಂದೆ ಎಂದೂ ಮಾಡಿರಲಿಲ್ಲ ಎಂದು ಅವರಿಗೆ ಗೊತ್ತಾಯಿತು, ಎದೆ ತುಂಬಿತು.

ಕೆಳಗೆ ರಸ್ತೆಯಲ್ಲಿ ಜೀಪು ನಿಂತ ಸದ್ದು. ಮೆಟ್ಟಿಲು ಹತ್ತಿ ಬಂದ ಸೋಮಿಯವರನ್ನು ನೋಡಿ ಸಣ್ಣಸ್ವಾಮಿ ತಿಮ್ಮಪ್ಪಯ್ಯನವರ ಕಿವಿಯಲ್ಲಿ, “ಅದೇ ಮೀಸೆ, ಅದೇ ಮೂಗು! ಆ ತಾತನ್ ಮಗನೇಯಾ,” ಎಂದು ಉಸುರಿದರು.

ಬಾಳೆಲೆಯ ಮೇಲೆ ಮಿಂಚುತ್ತಿದ್ದ ಚೂರಿಗಳನ್ನು ಕಂಡು ಸೋಮಿಯವರು ಹುಬ್ಬೇರಿಸಿದರು.

“ಪೂಜೆಗೆ ಉಜ್ಜಿದ್ರಾ? ಒಳ್ಳೇದು ಮಾಡಿದ್ರಿ. ಕೈಲ್‌ಪೊಳ್ದ್‌ಗೆ ಅಂದ್ರೆ ನಮ್ಮ ಆಯುಧದ ಹಬ್ಬಕ್ಕೆ, ನಾವೂ ಕೋವಿ, ಕತ್ತಿ ಎಲ್ಲ ಹೀಗೇ ಉಜ್ಜಿ ಹೂ ಇಡ್ತೇವೆ. ಆಯುಧದಲ್ಲಿ ಕೊಳೆ ಇಡಬಾರದು.”

ವಿಶಾಲಾಕ್ಷಮ್ಮ ‘ಹೆಂಗೆ?’ ಎಂಬಂತೆ ಎಲ್ಲರನ್ನೂ ನೋಡಿದರು. ತಿಮ್ಮಪ್ಪಯ್ಯ ನಿಟ್ಟುಸಿರು ಬಿಟ್ಟು ಸ್ಕೇಲಿನ ಚೂರಿಯ ಕಡೆ ಕೈ ಚಾಚಿದರು. “ಸೋಮಿಯವರೇ, ನಿಮ್ಮದು ಇದು...”

“ತಡೀರಿ ತಡೀರಿ, ಹೇಳ್ಬೇಡಿ!” ಸೋಮಿಯವರು ಅವರ ಕೈ ಹಿಡಿದರು. “ನಾನೇ ಹೇಳ್ತೇನೆ. ನಮ್ಮ ಮನೆಯ ಆಯುಧ ನನಗೆ ಗೊತ್ತಾಗುದಿಲ್ವಾ?”

ಎರಡನ್ನೂ ಎತ್ತಿಕೊಂಡರು. ಬಿಚ್ಚಿದರು, ಮುಚ್ಚಿದರು, ರಿವಿಟ್ಟಿನ ಮೇಲೆ ಹೆಬ್ಬೆರಳು ಆಡಿಸಿದರು. ತಿಮ್ಮಪ್ಪಯ್ಯನವರ ಹೊಸ ಚೂರಿಯನ್ನು ಕಣ್ಣಿಗೊತ್ತಿಕೊಂಡರು.

“ಇದು! ಮುಟ್ಟಿದ ಕೂಡಲೇ ಗೊತ್ತಾಗ್ತದೆ. ಮುತ್ತಜ್ಜನ ಕೈಬಿಸಿ ಇನ್ನೂ ಉಂಟು ಇದರಲ್ಲಿ.”

“ಅಲ್ಲ ಸೋಮಿಯವರೇ, ಅದು...”

“ಅದು ಎಂತ?”

ಸೋಮಿಯವರ ಕಣ್ಣು ಒದ್ದೆಯಾಗಿತ್ತು. ತಿಮ್ಮಪ್ಪಯ್ಯ ಯಾವ ತುದಿಯಿಂದ ಶುರು ಮಾಡಿದರೂ ಮಾತು ಆ ಸ್ಕೇಲಿಗೇ ಹೋಗಿ ಮುಟ್ಟುತ್ತಿತ್ತು. ಕಾವೇರಮ್ಮ ಕೆಮ್ಮಿದರು.

“ಅದು... ಚೆನ್ನಾಗಿದೆ,” ಎಂದರು ತಿಮ್ಮಪ್ಪಯ್ಯ.

“ಚೆನ್ನಾಗಿಲ್ದೆ! ಆ ಕಾಲದ ಕೆಲಸ ಅದು.” ಸೋಮಿಯವರು ಇನ್ನೊಂದನ್ನು ತಿರುಗಿಸಿ ನೋಡಿ ಕೊಂಚ ಹಿಂಜರಿದರು. “ಒಂದು ಮಾತು ಹೇಳ್ತೇನೆ, ಬೇಜಾರು ಮಾಡ್ಕೋಬಾರದು ಮೇಷ್ಟ್ರೇ. ನೀವೇ ಫೋನಿನಲ್ಲಿ ಅಷ್ಟು ಸಲ ಹೇಳಿಕೊಟ್ಟದ್ದು, ಅದಕ್ಕೇ ಗೊತ್ತಾಯ್ತು. ರಿವಿಟ್ ನೋಡಿ. ನಮ್ಮದರಲ್ಲಿ ಏಟು ಸರಿಯಾಗಿ ಬಿದ್ದಿದೆ. ಖಂಡಿತ ಎಡಗೈಯವನೇ ಹೊಡೆದದ್ದು. ನಿಮ್ಮದರಲ್ಲಿ ಸುಮ್ಮನೆ ಕೈ ತಪ್ಪಿ ಓರೆಯಾದದ್ದು.”

ಇದಕ್ಕಿಂತ ಸರಿಯಾದ ಪರೀಕ್ಷೆಯನ್ನು ಯಾವ ಪಂಡಿತನೂ ಮಾಡಲಾರ. ತಿಮ್ಮಪ್ಪಯ್ಯ ತಲೆಯಾಡಿಸಿದರು. “ಸರಿಯಾಗಿ ಹೇಳಿದ್ರಿ.”

“ಗೆಸ್ಟುಗಳ ಮುಂದೆ ಇದನ್ನು ಇಡ್ಲಿಕ್ಕೆ ಆಗುದಿಲ್ಲ, ನಿಮಗೇ ಮರ್ಯಾದೆ ಕಮ್ಮಿ. ಅಸಲನ್ನೇ ಪೆಟ್ಟಿಗೆಯಲ್ಲಿ ಇಡ್ತೇನೆ, ಬೀಗ ಹಾಕಿ. ಮುತ್ತಜ್ಜನ ಹೆಸರು ಬರೆಸ್ತೇನೆ. ಇದು ನಿಮ್ಮ ಹತ್ರಾನೇ ಇರ್ಲಿ. ಇನ್ನೂ ಸ್ವಲ್ಪ ಕೈ ಕುದುರಬೇಕು, ಅಷ್ಟೇ.” ಎಂದವರೇ ಸ್ಕೇಲಿನ ಚೂರಿಯನ್ನು ತಿಮ್ಮಪ್ಪಯ್ಯನವರ ಅಂಗೈಗೆ ಇಟ್ಟು, ಬೆರಳುಗಳನ್ನು ತಾವೇ ಮಡಚಿದರು. ಜೇಬಿನಿಂದ ಹಿತ್ತಾಳೆ ತಗಡನ್ನೂ ತೆಗೆದು ಜೊತೆಗಿಟ್ಟರು. “ಇದನ್ನೂ ಇಟ್ಕೊಳ್ಳಿ. ಬರೆಸಿ ಆಗಿದೆ, ನನಗೆ ಇದರಿಂದ ಉಪಯೋಗ ಇಲ್ಲ.”

ಒಬ್ಬಟ್ಟಿನ ಪೊಟ್ಟಣ ಹಿಡಿದು ಸೋಮಿಯವರು ಮೆಟ್ಟಿಲಿಳಿದರು. ಜೀಪಿನಿಂದ ಗೆಸ್ಟುಗಳ ‘ಓಹೋ’ ಕೇಳಿಸಿತು. ಮುತ್ತಜ್ಜ ದೊರೆಯನ್ನು ಕಾಪಾಡಿದ್ದು ಈಗ ಒಂಟಿ ಸಲಗದಿಂದ.

ತಿಮ್ಮಪ್ಪಯ್ಯ ತಗಡನ್ನು ತಿರುಗಿಸಿ ಓದಿದರು. ‘ಈ ಚೂರಿಯನ್ನು ಸ್ವಂತ ಕೈಯಿಂದ ತಯಾರಿಸಿದವರು ಡ್ರಾಯಿಂಗ್ ಮೇಷ್ಟ್ರು ತಿಮ್ಮಪ್ಪಯ್ಯ, ಮಡಿಕೇರಿ.’ ಕೈಲಿದ್ದ ಚೂರಿಯನ್ನು ನೋಡಿದರು. ಆ ದಿನ ಆ ಜಗಲಿಗೆ ಬಂದ ಮಾತುಗಳಲ್ಲಿ ಇದೊಂದೇ ಪೂರ್ತಿ ನಿಜ.

“ಕೈಯಿಂದ ಕೈಗೆ ಚೂರಿ ತಗಂಡ್ರಲ್ಲ ಮೇಷ್ಟ್ರೆ!” ವಿಶಾಲಾಕ್ಷಮ್ಮ ಬಾಯಿಗೆ ಸೆರಗು ಮುಚ್ಚಿಕೊಂಡರು. “ಇನ್ನು ಜಗಳ ತಪ್ಪಿದ್ದಲ್ಲ ನೋಡಿ.” ಹಾಗೆಂದವರೇ ಗಂಡನನ್ನು ಮುಂದೆ ಹೊರಡಿಸಿಕೊಂಡು ನಡೆದರು. ಬೇಲಿ ದಾಟುವ ಮೊದಲೇ “ಹೊಳೆಗ್ ಹಾಕ್ದೆ ಅಂದ್ರಲ್ಲ, ಇನ್ನೂ ಏನೇನು ಹೊಳೆಗ್ ಹಾಕಿದೀರ ಹೇಳಿ” ಎಂಬ ವಿಚಾರಣೆ ಶುರುವಾಗಿತ್ತು.

ತಿಮ್ಮಪ್ಪಯ್ಯ ಎರಡೂ ಹೆಬ್ಬೆರಳು ಮೇಲೆತ್ತಿಕೊಂಡು ಜಗಲಿಯಲ್ಲೇ ಕೂತಿದ್ದರು. ಕಾವೇರಮ್ಮ ಪಕ್ಕದಲ್ಲಿ ಕೂತು, ಅವರ ಕೈಯಿಂದ ಚೂರಿ ತೆಗೆದುಕೊಂಡು, ಬಿಚ್ಚಿ, ಒಳಗೆ ಇಣುಕಿದರು.

“ಹೋಗ್ಲಿ ಬಿಡಿ,” ಎಂದರು. “ಕಾಣೆಯಾದ ಸ್ಕೇಲು ಸಿಕ್ತಲ್ಲ.”